ಹುಣಸೂರಿನ ಇಲಿಗಳೂ ಹಸಿವು ಕಟ್ಟುವ ಪುಡಿಯೂ

ಎಲ್ಲರ ಆಫೀಸಿನಲ್ಲೂ ಕೆಲಸದ ನಡುವೆ ಆಗಾಗ ಒಂದು ತಮಾಷೆ ನಡೆಯುತ್ತದಂತೆ. ನಮ್ಮಲ್ಲಿ ಹಾಗಲ್ಲ. ತಮಾಷೆಗಳ ನಡುವೆ ಬಿಡುವು ಸಿಕ್ಕಾಗ ನಾವು ಕೆಲಸ ಮಾಡುತ್ತೇವೆ.

ಹುಣಸೂರಿನಿಂದ ಪಿರಿಯಾಪಟ್ಟಣದ ಕಡೆ ಹೋಗುವ ರಸ್ತೆಯಲ್ಲಿ ನಮ್ಮದೊಂದು ಪುಟ್ಟ ಲ್ಯಾಬು. ಮೊದಲು ಅದು ಹೊಗೆಸೊಪ್ಪಿನ ಗೋಡೌನಾಗಿತ್ತು. ಟೈಲ್ಸ್ ಹಾಕಿ, ಏಸಿ ಕೂರಿಸಿ, ಗೋಡೆಗೆ ಬಿಳಿ ಬಣ್ಣ ಬಳಿದಿದ್ದಾರೆ. ಆದರೂ ಮಳೆ ಬಂದ ದಿನ ಒಳಗೆ ಹೊಗೆಸೊಪ್ಪಿನ ಘಮ ಏಳುತ್ತದೆ. ಕಂಪನಿಗಳು ಕಳಿಸುವ ಹೊಸ ಔಷಧಗಳನ್ನು ಇಲಿಗಳಿಗೆ ಕೊಟ್ಟು, ಏನಾಯಿತು ಅಂತ ನೋಡಿ ವರದಿ ಕೊಡುವುದು ನಮ್ಮ ಕಸುಬು. ನಾನು ಕೆ.ಆರ್. ನಗರದವಳು, ದಿನಾ ಬಸ್ಸಿನಲ್ಲಿ ಬಂದು ಹೋಗುತ್ತೇನೆ. ಇಲಿಗಳ ತೂಕ, ಊಟ, ಆರೋಗ್ಯ ಎಲ್ಲಾ ನನ್ನ ಉಸ್ತುವಾರಿ. ನನ್ನ ಮೇಲೆ ಲ್ಯಾಬಿನ ಯಜಮಾನರು, ಡಾಕ್ಟರು. ಪಿಎಚ್‌ಡಿ ಮಾಡಿದ ಡಾಕ್ಟರು, ಜ್ವರ ನೋಡುವ ಡಾಕ್ಟರಲ್ಲ. ನನ್ನ ಕೈಕೆಳಗೆ ಇಲಿ ಮನೆ ನೋಡಿಕೊಳ್ಳುವ ಗಾವಡಗೆರೆಯ ಅಕ್ಕ. ಇಷ್ಟೇ ನಮ್ಮ ಸಂಸಾರ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ನನಗೆ ಖುಷಿ ತಡೆಯುವುದಕ್ಕೆ ಬರುವುದಿಲ್ಲ. ಒಳ್ಳೆಯ ಸುದ್ದಿ ಕೇಳಿದರೆ ಕಿರುಚಿಬಿಡುತ್ತೇನೆ. ಪುಣೆಯ ಕಂಪನಿಯೊಂದು ನಮಗೆ ಹಸಿವು ಕಟ್ಟಿ ಮೈ ಇಳಿಸುವ ಹೊಸ ಔಷಧ, ಪೆಪ್ಟೈಡ್, ಕಳಿಸುತ್ತದೆ ಅಂತ ಡಾಕ್ಟರು ಹೇಳಿದ ದಿನ ನಾನು ಹಾಕಿದ ಕೂಗಿಗೆ ಅಕ್ಕ ಹಾವು ಬಂತೆಂದು ಪೊರಕೆ ಹಿಡಿದು ಓಡಿಬಂದಿದ್ದರು.

ಕಿರುಚುವಂಥದ್ದೇ ಅದು. ಯಂತ್ರದಲ್ಲಿ ಜೋಡಿಸಿ ಮಾಡಿದ ಬಿಳಿ ಪುಡಿ. ನಮ್ಮ ಮೈಯೊಳಗೆ ಹೊಟ್ಟೆ ತುಂಬಿತು ಅಂತ ಹೇಳುವ ಜಾಗ ಒಂದು, ಸಕ್ಕರೆ ಸಂಭಾಳಿಸುವ ಜಾಗ ಒಂದು, ಕೊಬ್ಬು ಕರಗಿಸುವ ಜಾಗ ಒಂದು. ಈ ಪುಡಿ ಮೂರನ್ನೂ ಒಟ್ಟಿಗೆ ಮುಟ್ಟುತ್ತದೆ. ಅಕ್ಕನಿಗೆ ಅರ್ಥವಾಗಲಿ ಅಂತ, 'ಮೂರು ಬಾಗಿಲಿಗೂ ಒಂದೇ ಬೀಗದ ಕೈ ಇದ್ದಂಗೆ' ಅಂದೆ. ಅಕ್ಕ ಯೋಚನೆ ಮಾಡಿ, 'ಕಳ್ಳುಂಗೆ ಬಲು ಅನ್ಕೂಲ ಬುಡವ್ವ' ಅಂದರು.

ಈ ಕೆಲಸ ಸರಿಯಾಗಿ ಆಗಲೇಬೇಕಿತ್ತು. ಮೊದಲ ಸುತ್ತು ಚೆನ್ನಾಗಿ ಮಾಡಿಕೊಟ್ಟರೆ ಕಂಪನಿಯವರು ಮುಂದಿನ ಕೆಲಸವನ್ನೆಲ್ಲ ನಮಗೇ ಕೊಡುತ್ತೇವೆ ಅಂದಿದ್ದರು. ಇಲ್ಲದಿದ್ದರೆ ಲ್ಯಾಬು ಮುಚ್ಚುವುದೇ. ಯಾಕೆಂದರೆ ಕಟ್ಟಡದ ಮಾಲೀಕರಾದ ಗೌಡರು ಕರಾರು ಮುಗಿಯುವುದನ್ನೇ ಕಾಯುತ್ತಿದ್ದರು. ಇಲಿ ಓಡಾಡುವ ಜಾಗದಲ್ಲಿ ಪಾರ್ಟಿ ಹಾಲ್ ಮಾಡಬೇಕೆಂಬುದು ಅವರ ಆಸೆ. ನಾನು ಇಲಿ ತೂಗುವ ಜಾಗದಲ್ಲಿ ಯಾರೋ ನಾಮಕರಣದ ಹೋಳಿಗೆ ತಿನ್ನುತ್ತಾರೆ ಅಂತ ನೆನೆಸಿಕೊಂಡರೆ ನನಗೆ ಅಳು ಬರುತ್ತಿತ್ತು.

ಥರ್ಮೋಕೋಲ್ ಪೆಟ್ಟಿಗೆ

ಪುಡಿಯನ್ನು ಸದಾ ತಣ್ಣಗಿಡಬೇಕು. ಪುಣೆಯಿಂದ ಮೈಸೂರಿಗೆ ಬಂದ ಪೆಟ್ಟಿಗೆಯನ್ನು ಅಲ್ಲಿಯವರು ಹುಣಸೂರಿನ ಬಸ್ಸಿಗೆ ಹಾಕಿ ಕಳಿಸಿದರು. ಬಸ್‌ಸ್ಟ್ಯಾಂಡಿನಲ್ಲಿ ಆಟೋ ನಿಲ್ಲಿಸಿಕೊಂಡು ಕಾದಿದ್ದೆ. ಪಾರ್ಸೆಲ್ ಇಳಿಸುವವನು ಥರ್ಮೋಕೋಲ್ ಪೆಟ್ಟಿಗೆ ತಂದು ಆಟೋದಲ್ಲಿಟ್ಟ. ಮುಟ್ಟಿ ನೋಡಿದೆ, ತಣ್ಣಗಿತ್ತು. ಮದುವೆ ಹೆಣ್ಣನ್ನು ಕರೆತರುವಷ್ಟು ಜೋಪಾನವಾಗಿ ಲ್ಯಾಬಿಗೆ ತಂದೆ.

ಡಾಕ್ಟರು ಹೊಸ ಕೋಟು ಹಾಕಿಕೊಂಡು ನಿಂತಿದ್ದರು. ಪೆಟ್ಟಿಗೆ ತೆರೆಯುವುದನ್ನು ವಿಡಿಯೋ ಮಾಡಿ ಕಂಪನಿಗೆ ಕಳಿಸಬೇಕಿತ್ತು. ನಾನು ಮೊಬೈಲು ಹಿಡಿದೆ. ಡಾಕ್ಟರು ಮೂತಿಗೆ ಮಾಸ್ಕು, ಕೈಗೆ ಗ್ಲೋವ್ಸ್ ಹಾಕಿಕೊಂಡು ಟೇಪು ಕತ್ತರಿಸಿ, ಮುಚ್ಚಳ ಸ್ವಲ್ಪವೇ ಎತ್ತಿ, ಸಂದಿಯಲ್ಲಿ ಥರ್ಮಾಮೀಟರು ಇಳಿಸಿ, 'ಉಷ್ಣಾಂಶ ಸರಿಯಾಗಿದೆ' ಅಂತ ಕ್ಯಾಮರಾ ನೋಡಿ ಗಂಭೀರವಾಗಿ ಘೋಷಿಸಿದರು. ಆಮೇಲೆ ಮುಚ್ಚಳ ಪೂರ್ತಿ ತೆಗೆದರು.

ಒಳಗೆ ಬಂಗುಡೆ ಮೀನು. ಸಾಲಾಗಿ ಮಲಗಿ ನಮ್ಮನ್ನೇ ನೋಡುತ್ತಿದ್ದವು.

ಮಂಗಳೂರು ಕಡೆಯ ಬಸ್ಸಿನಲ್ಲಿ ಮೀನಂಗಡಿ ಭಾಯ್‌ಗೆ ಬರುವ ಪೆಟ್ಟಿಗೆಯೂ ಅದೇ ಹೊತ್ತಿಗೆ ಇಳಿದಿತ್ತು. ಎರಡೂ ಥರ್ಮೋಕೋಲು, ಎರಡಕ್ಕೂ ಕಂದು ಟೇಪು. ಹಾಗಾದರೆ ನಮ್ಮ ಪುಡಿ ಮೀನಂಗಡಿಯಲ್ಲಿದೆ! ಬಂಗುಡೆ ಹೊತ್ತುಕೊಂಡು ಅದೇ ಆಟೋದಲ್ಲಿ ಡಾಕ್ಟರೂ ನಾನೂ ಓಡಿದೆವು. ಡಾಕ್ಟರು ಮಾಸ್ಕು ತೆಗೆಯುವುದನ್ನೂ ಮರೆತಿದ್ದರು. ದಾರಿಯುದ್ದಕ್ಕೂ 'ಬಿಸಿಲಿಗಿಟ್ಟಿದ್ದರೆ ಮುಗೀತು, ಬಿಸಿಲಿಗಿಟ್ಟಿದ್ದರೆ ಮುಗೀತು' ಅಂತ ಜಪಿಸುತ್ತಿದ್ದರು.

ಭಾಯ್ ಪುಣ್ಯಾತ್ಮ. ಪೆಟ್ಟಿಗೆ ತೆರೆದು, ಇದು ತನ್ನದಲ್ಲ ಅಂತ ಕಂಡೊಡನೆ ಹಾಗೇ ಮುಚ್ಚಿ, ಮೇಲೆ ಇನ್ನಷ್ಟು ಐಸು ಸುರಿದು ನೆರಳಿನಲ್ಲಿಟ್ಟಿದ್ದರು. ನಾನು ಸಂತೋಷಕ್ಕೆ ಅಂಗಡಿಯ ಮುಂದೆಯೇ ಕಿರುಚಿದೆ. ಇದು ಲ್ಯಾಬಿನ ಇಲಿಗಳಿಗೆ ಕೊಡುವ ಔಷಧ ಅಂತ ಹೇಳಿದರೂ ಭಾಯ್ ಮಾತ್ರ ನಮ್ಮನ್ನು ಕನಿಕರದಿಂದ ನೋಡುತ್ತಿದ್ದರು.

'ಮೇಡಂ, ಬೇಜಾರ್ ಮಾಡ್ಕೋಬೇಡಿ, ಒಂದ್ ಮಾತು ಹೇಳ್ತೀನಿ' ಅಂದರು. 'ಇಷ್ಟೊಂದು ಐಸು, ಒಳಗೆ ಬೆರಳುದ್ದ ಮಾಲು! ಈ ವ್ಯಾಪಾರದಲ್ಲಿ ಬರ್ಕತ್ ಇಲ್ಲ. ಬಿಟ್ಬುಡಿ.'

ಒಣಮೆಣಸಿನಕಾಯಿ

ಪ್ರಯೋಗ ಶುರುವಾಗುವ ಮೊದಲು ಇಲಿಗಳನ್ನು ದಪ್ಪ ಮಾಡಬೇಕಿತ್ತು. ಕೊಬ್ಬು ಬೆರೆಸಿದ ಮೇವು ಹಾಕಿದೆವು. ಅಕ್ಕನಿಗೆ ಇದು ಬಹಳ ಹಿಡಿಸಿತು. ಮೈ ತುಂಬಿಕೊಂಡು, ಕತ್ತು ಕಾಣದಂತಾಗಿ, ಪಂಜರದ ಮೂಲೆಯಲ್ಲಿ ಕುಳಿತ ಇಲಿಗಳನ್ನು ನೋಡಿ, 'ಒಳ್ಳೆ ಲಕ್ಷಣ್ವಾಗವೆ ಕಣವ್ವ. ಈಗ ನೋಡೋಕೆ ಒಂದ್ ಮನೆಯವ್ರಂಗೆ ಕಾಣ್ತವೆ' ಅನ್ನುತ್ತಿದ್ದರು.

ಆಮೇಲೆ ಇಲಿಗಳನ್ನು ಎರಡು ಕೋಣೆಗೆ ಹಂಚಿದೆವು. ಒಂದು ಕೋಣೆಯವಕ್ಕೆ ಪುಡಿ ಕರಗಿಸಿದ ಸೂಜಿ, ಇನ್ನೊಂದು ಕೋಣೆಯವಕ್ಕೆ ಬರೀ ಉಪ್ಪುನೀರಿನ ಸೂಜಿ. ಯಾವ ಕೋಣೆಗೆ ಯಾವುದು ಅಂತ ಡಾಕ್ಟರಿಗೆ ಮಾತ್ರ ಗೊತ್ತು. ನಮಗೂ ಹೇಳುವಂತಿಲ್ಲ, ನಾವು ಕೇಳುವಂತಿಲ್ಲ.

ಕೇಳುವ ಅಗತ್ಯವೇ ಬೀಳಲಿಲ್ಲ. ಸ್ವಲ್ಪ ದಿನದಲ್ಲೇ ಎಡಗಡೆ ಕೋಣೆಯ ಇಲಿಗಳು ಮೇವು ಮೂಸಿ ನೋಡಿ ಬೆನ್ನು ತಿರುಗಿಸಿ ಮಲಗತೊಡಗಿದವು. ಬಲಗಡೆಯವು ಎಂದಿನಂತೆ ಕಟಕಟ ಕಡಿಯುತ್ತಿದ್ದವು. ನನಗೆ ಒಳಗೊಳಗೇ ಕುಣಿತ. ಅಕ್ಕನಿಗೆ ಸಂಕಟ. 'ಮೊನ್ನೆ ಗೌಡ್ರು ಬಂದು, ಏನ್ ಪಸಂದಾಗಿ ಮೈ ಬಂದದೆ ಇಲಿಗೊಳ್ಗೆ ಅಂತ ಕಿಟ್ಕೀಲಿ ನೋಡ್ಕಂಡ್ ಓದ್ರಲ್ಲ, ಅವತ್ತಿಂದ್ಲೇ ಇಂಗೆ' ಅಂದರು. ನಾನು ನಕ್ಕು ಊಟಕ್ಕೆ ಹೋದೆ.

ಊಟ ಮುಗಿಸಿ ಬರುವಷ್ಟರಲ್ಲಿ ಲ್ಯಾಬಿನ ಅಲಾರಂ ಬಾಯಿ ಬಡಿದುಕೊಳ್ಳುತ್ತಿತ್ತು. ಬೆಂಕಿ ಬಿತ್ತೆಂದು ಒಳಗೆ ಓಡಿದೆ. ನೋಡಿದರೆ ಎಡಗಡೆ ಕೋಣೆಯ ಬಾಗಿಲಲ್ಲಿ ಅಕ್ಕ ನಿಂತಿದ್ದಾರೆ. ಒಂದು ಮುಷ್ಟಿಯಲ್ಲಿ ಉಪ್ಪು, ಒಣಮೆಣಸಿನಕಾಯಿ ಹಿಡಿದು ಅಷ್ಟೂ ಪಂಜರಕ್ಕೆ ದೃಷ್ಟಿ ತೆಗೆದು, ಹೊರಗೆ ಬಂದು ವರಾಂಡದಲ್ಲಿ ಕೆಂಡಕ್ಕೆ ಹಾಕಿದ್ದಾರೆ. ಕೋಣೆಯ ಬಾಗಿಲು ಮುಚ್ಚಿದ್ದರಿಂದ ಇಲಿಗಳು ಬಚಾವು. ವರಾಂಡದಲ್ಲಿದ್ದ ನಾವು ಮೂವರೂ ಕೆಮ್ಮಿ ಕೆಮ್ಮಿ ಕಣ್ಣೀರು ಸುರಿಸಿಕೊಂಡು ಅಂಗಳಕ್ಕೆ ಬಿದ್ದೆವು.

ಡಾಕ್ಟರು ಬೈಯುವುದಕ್ಕೆ ಬಾಯಿ ತೆರೆದರೂ ಕೆಮ್ಮೇ ಬರುತ್ತಿತ್ತು. ಅವರ ಕೆಮ್ಮು ನಿಲ್ಲುವ ಮೊದಲೇ ಅಕ್ಕ ಕಣ್ಣೊರೆಸಿಕೊಂಡು ತೀರ್ಪು ಕೊಟ್ಟರು: 'ದೃಷ್ಟಿಯಾಗಿದ್ರೆ ಮೆಣಸಿನಕಾಯಿ ಸುಟ್ರೂ ಘಾಟು ಬತ್ತಿರ್ನಿಲ್ಲ ಸಾರ್. ಈಟೊಂದು ಘಾಟು ಬತ್ತಾ ಅದೆ ಅಂದ್ಮೇಲೆ ಇದು ದೃಷ್ಟಿಯಲ್ಲ. ನಿಮ್ ಔಸ್ದೀನೇ.'

ಪೆಪ್ಟೈಡು ಕೆಲಸ ಮಾಡುತ್ತಿದೆ ಅಂತ ನಮ್ಮ ಲ್ಯಾಬಿನಲ್ಲಿ ಮೊಟ್ಟಮೊದಲು ದೃಢಪಡಿಸಿದ್ದು ಒಣಮೆಣಸಿನಕಾಯಿ.

ಹಿತಕಿದ ಬೇಳೆ

ಔಷಧವೇ ಕಾರಣ ಅಂತ ತಿಳಿದ ಮೇಲೂ ಅಕ್ಕನ ಕರುಳು ಕೇಳಲಿಲ್ಲ. ಅವರ ಮನೆಯಲ್ಲಿ ಯಾರಾದರೂ ಉಣ್ಣದೆ ಮಲಗಿದರೆ ಅವರಿಗೂ ನಿದ್ದೆ ಬರುವುದಿಲ್ಲವಂತೆ. ಅವರೆಕಾಯಿ ಕಾಲ. ಒಂದು ಬೆಳಿಗ್ಗೆ ನಾನು ಬರುವಷ್ಟರಲ್ಲಿ ಎಡಗಡೆ ಕೋಣೆಯಲ್ಲಿ ಘಮಘಮ ವಾಸನೆ. ಅಕ್ಕ ಟಿಫಿನ್ ಡಬ್ಬಿ ತೆಗೆದಿಟ್ಟುಕೊಂಡು, ಹಿತಕಿದ ಬೇಳೆ ಸಾರಿನಲ್ಲಿ ಅದ್ದಿದ ರಾಗಿಮುದ್ದೆಯ ಗುಲಗಂಜಿ ಗಾತ್ರದ ತುತ್ತನ್ನು ಒಂದು ಇಲಿಯ ಮುಂದೆ ಹಿಡಿದು, 'ಒಂದೇ ಒಂದ್ ತುತ್ತು ಕಣಪ್ಪ, ನನ್ನಪ್ಪ, ನುಂಗ್ಬುಡು' ಅಂತ ಮುದ್ದು ಮಾಡುತ್ತಿದ್ದಾರೆ.

ಮೇವು ಬಿಟ್ಟು ಬೇರೆ ಏನು ತಿಂದರೂ ಆ ಇಲಿಯ ಲೆಕ್ಕ ಕೆಡುತ್ತದೆ. ಲೆಕ್ಕ ಕೆಟ್ಟರೆ ಕಂಪನಿಯವರು ಬಿಟ್ಟಾರೆಯೇ? 'ಅಕ್ಕಾ!' ಅಂತ ಕೂಗಬೇಕೆನ್ನುವಾಗ ಇಲಿ ಮುಂದೆ ಬಂತು. ತುತ್ತು ಮೂಸಿತು. ಮುಖ ಒರೆಸಿಕೊಂಡಿತು. ತಿರುಗಿ ಹೋಗಿ ಮೂಲೆಯಲ್ಲಿ ಮಲಗಿತು.

ನಾನು ಬೈಯುವುದನ್ನು ಮರೆತು ಕಿರುಚಿದೆ. ಕಿರುಚದೆ ಇರುವುದು ಹೇಗೆ? ಹಿತಕಿದ ಬೇಳೆ ಸಾರು ಸ್ವಾಮಿ! ಅವರೆಯ ಸೊಗಡಿನದು, ಎಳೆ ಕೊತ್ತಂಬರಿ ಹಾಕಿದ್ದು! ಹುಣಸೂರು ತಾಲ್ಲೂಕಿನಲ್ಲಿ ಹುಟ್ಟಿದ ಪ್ರಾಣಿಯೊಂದು ಅದನ್ನು ಬೇಡ ಅಂದಿತು ಅಂದರೆ ಔಷಧಕ್ಕೆ ಇನ್ನೇನು ಪುರಾವೆ ಬೇಕು! ಡಾಕ್ಟರು ಓಡಿಬಂದರು. ಅವರಿಗೂ ಸಂತೋಷ, ಆದರೆ ನಿಯಮ ನಿಯಮವೇ. ಪಂಜರದೊಳಗೆ ಮುದ್ದೆ ಹೋಗಿದೆ, ಆ ಇಲಿಯನ್ನು ಪ್ರಯೋಗದಿಂದ ಕೈಬಿಟ್ಟು, ಯಾಕೆಂಬುದನ್ನೂ ಇದ್ದದ್ದು ಇದ್ದ ಹಾಗೆ ಕಂಪನಿಗೆ ತಿಳಿಸಿದರು. ಉಳಿದವನ್ನು ಯಾರೂ ಮುಟ್ಟಿರಲಿಲ್ಲ. ಅಕ್ಕನಿಗೆ ಇನ್ನು ಮುಂದೆ ಟಿಫಿನ್ ಡಬ್ಬಿ ಗೇಟಿನ ಹತ್ತಿರವೇ ಇಡಬೇಕೆಂದು ಕಟ್ಟಪ್ಪಣೆಯಾಯಿತು.

ಅಕ್ಕನಿಗೆ ಅದು ಬೇಜಾರಾಗಲಿಲ್ಲ. ಬೇಜಾರಾದದ್ದು ಇನ್ನೊಂದಕ್ಕೆ. ಮಧ್ಯಾಹ್ನದವರೆಗೂ ಮುಖ ಊದಿಸಿಕೊಂಡಿದ್ದವರು ಕೊನೆಗೆ ನನ್ನ ಹತ್ತಿರ ಬಂದು ಪಿಸುಗುಟ್ಟಿದರು: 'ನಿಜ ಹೇಳವ್ವ, ಬೇಳೆ ಸಾರಿಗೆ ಉಪ್ಪು ಕಮ್ಮಿಯಾಗಿತ್ತಾ?'

ಯಾರದು ಈ ಮಾಲು?

ಒಂದು ದಿನ ಬೆಳಿಗ್ಗೆಯೇ ಕರೆಂಟು ಹೋಯಿತು. ಟ್ರಾನ್ಸ್‌ಫಾರ್ಮರ್ ಸುಟ್ಟಿದೆ, ಸಂಜೆಯವರೆಗೂ ಬರುವುದಿಲ್ಲ ಅಂದರು. ನಮ್ಮ ಜನರೇಟರು ಎರಡು ಸಲ ಗುರ್ ಅಂದು ಸುಮ್ಮನಾಯಿತು. ಫ್ರಿಜ್ಜಿನೊಳಗೆ ಪೆಪ್ಟೈಡು ಬೆಚ್ಚಗಾಗುವುದಕ್ಕೆ ಇನ್ನೆಷ್ಟು ಹೊತ್ತು?

'ಊರಲ್ಲಿ ಎಲ್ಲಿದೆ ಐಸು?' ಅಂತ ಡಾಕ್ಟರು ತಲೆ ಹಿಡಿದುಕೊಂಡು ಕೇಳಿದರು. ಇಬ್ಬರಿಗೂ ಒಟ್ಟಿಗೇ ಹೊಳೆಯಿತು. ಗಾಳಿಯಾಡದಂತೆ ಸೀಲು ಮಾಡಿದ ಡಬ್ಬಿಯಲ್ಲಿ ಶೀಶೆಗಳನ್ನಿಟ್ಟು, ಬೀಗ ಹಾಕಿ, ಮೀನಂಗಡಿಗೆ ಹೋದೆವು. ಭಾಯ್ ಒಂದು ಮಾತೂ ಕೇಳಲಿಲ್ಲ. ಅಂಜಲ್ ಮೀನನ್ನು ಪಕ್ಕಕ್ಕೆ ಸರಿಸಿ, ಐಸಿನಲ್ಲಿ ಗುಳಿ ತೋಡಿ ಡಬ್ಬಿ ಇಟ್ಟರು. 'ನಂಬಿ ಕೊಟ್ಟಿದ್ದೀರಾ, ನಿಮ್ಮ ಅಮಾನತ್ತು ನನ್ನ ಹತ್ರ ಭದ್ರ. ಬೇಫಿಕರ್ ಹೋಗಿ' ಅಂದರು. ಅವರಿಗೆ ಡಬ್ಬಿಯ ಬಗ್ಗೆ ಎರಡೇ ಸೂಚನೆ ಕೊಟ್ಟಿದ್ದೆ: ಯಾರೂ ಮುಟ್ಟಬಾರದು, ಯಾರಿಗೂ ಕೊಡಬಾರದು. ಬೀಗದ ಕೈ ನನ್ನ ಕೊರಳಲ್ಲಿತ್ತು, ಆದರೂ ನಾನು ಎದುರಿನ ಬೇಕರಿಯಲ್ಲಿ ಕಾಫಿಯ ಮೇಲೆ ಕಾಫಿ ಕುಡಿಯುತ್ತಾ ಕಾವಲು ಕೂತೆ.

ಮಧ್ಯಾಹ್ನದ ವ್ಯಾಪಾರದ ಹೊತ್ತು. ಅಂಗಡಿ ಮುಂದೆ ಜನ ತುಂಬಿದ್ದರು. ಇದ್ದಕ್ಕಿದ್ದ ಹಾಗೆ ಒಬ್ಬೊಬ್ಬರೇ ಬುಟ್ಟಿ, ಚೀಲ ಮಡಚಿಕೊಂಡು ಹೊರಟುಹೋದರು. ಅಂಗಡಿ ಖಾಲಿ! ನಾನು ಗಾಬರಿಯಿಂದ ಓಡಿದೆ.

'ಏನಾಯ್ತು ಭಾಯ್?'

ಭಾಯ್ ಕೈ ಚೆಲ್ಲಿ ಕೂತಿದ್ದರು. 'ಒಬ್ಬಮ್ಮ ಆ ಡಬ್ಬಿ ತೋರ್ಸಿ, ಏನದು ಕೊಡಿ ಅಂದ್ರು. ಅದು ಮಾರೋಕಲ್ಲಮ್ಮ ಅಂದೆ. ಯಾರಿಗೆ ಎತ್ತಿಟ್ಟಿದ್ದೀರಾ ಅಂದ್ರು. ನಾನು ಜೀವನದಲ್ಲಿ ಗಿರಾಕಿಗೆ ಸುಳ್ಳು ಹೇಳಿದೋನಲ್ಲ ಮೇಡಂ. ಇಲಿಗೆ ಅಂದೆ.'

ಪಾಪ, ಮೀನಂಗಡಿಯಲ್ಲಿ ನಿಂತು ಇಲಿಯ ಹೆಸರೆತ್ತಿದರೆ ಯಾರು ತಾನೆ ನಿಲ್ಲುತ್ತಾರೆ! ನಾನು ಕ್ಷಮೆ ಕೇಳಿದೆ. ಉಳಿದ ಮೀನು ಡಾಕ್ಟರೂ ನಾನೂ ಅಕ್ಕನೂ ಕೊಂಡುಕೊಂಡೆವು. ಸಂಜೆ ಕರೆಂಟು ಬಂದು ಡಬ್ಬಿ ಒಯ್ಯುವಾಗ ಭಾಯ್ ಗಟ್ಟಿ ನಿರ್ಧಾರ ಹೇಳಿದರು: 'ಇನ್ನೊಂದ್ ಸಲ ಬೇಕಾದ್ರೂ ತನ್ನಿ, ಇಡ್ತೀನಿ. ಆದ್ರೆ ಯಾರಿಗೆ ಅಂತ ಕೇಳಿದ್ರೆ ಇಲಿ ಹೆಸರು ಹೇಳಲ್ಲ. ಡಾಕ್ಟ್ರು ತಿಂತಾರೆ ಅಂತೀನಿ.'

ಗೌಡರ ಅರ್ಜಿ

ಎಡಗಡೆ ಕೋಣೆಯ ಇಲಿಗಳು ಇಳಿದ ಸುದ್ದಿ ಲ್ಯಾಬಿನ ಗೋಡೆ ದಾಟಿತು. ದಾಟಿಸಿದ್ದು ಅಕ್ಕನೇ ಇರಬೇಕು. ಬಸ್ಸಿನಲ್ಲಿ ನನ್ನ ಪಕ್ಕ ಕೂರುವುದಕ್ಕೆ ಹೆಂಗಸರು ಸೀಟು ಹಿಡಿಯತೊಡಗಿದರು. ಸರಗೂರಿನ ದೂರದ ನೆಂಟರೊಬ್ಬರು, ನನ್ನ ಮದುವೆಗೂ ಬರದಿದ್ದವರು, ಫೋನು ಮಾಡಿ ಯೋಗಕ್ಷೇಮ ಕೇಳಿ, ಕೊನೆಗೆ 'ಆ ಇಲಿ ಔಷ್ದಿ ಒಂಚೂರು' ಅಂದರು. ಎಲ್ಲರಿಗೂ ನನ್ನದು ಒಂದೇ ಉತ್ತರ. ಇದು ಸಂಶೋಧನೆಗೆ ಬಂದದ್ದು, ಶೀಶೆಯ ಮೇಲೇ ಮನುಷ್ಯರಿಗಲ್ಲ ಅಂತ ಬರೆದಿದೆ, ಮನುಷ್ಯರ ಮೈಯಲ್ಲಿ ಏನು ಮಾಡುತ್ತದೋ ನಮಗೆ ಗೊತ್ತಿಲ್ಲ, ಗೊತ್ತಿಲ್ಲದ್ದನ್ನು ಕೊಡುವುದಿಲ್ಲ.

ಆದರೆ ಗೌಡರನ್ನು ಹೀಗೆ ಸಾಗಹಾಕುವುದು ಸುಲಭವಿರಲಿಲ್ಲ. ಅವರದು ಭಾರಿ ಆಳು. ಸಕ್ಕರೆ ಕಾಯಿಲೆಯೂ ಇತ್ತು. ಮೈ ಇಳಿಸಿ ಅಂತ ಅವರ ಡಾಕ್ಟರು ಹೇಳಿ ಹೇಳಿ ಸೋತಿದ್ದರು. ಗೌಡರು ಬಂದು ನಮ್ಮ ಡಾಕ್ಟರ ಮುಂದಿನ ಕುರ್ಚಿಯಲ್ಲಿ ತುಂಬಿ ಕೂತು ನೇರವಾಗಿ ವಿಷಯಕ್ಕೆ ಬಂದರು.

'ನೋಡಿ ಸಾರ್, ನೀವು ನಂಗೆ ಆ ಸೂಜಿ ಆಕ್ಸಿ. ನಾನು ಪಾರ್ಟಿ ಹಾಲ್ ಆಸೆ ಬುಟ್ಬುಡ್ತೀನಿ. ಬಿಲ್ಡಿಂಗ್ ನಿಮ್ಗೇ ಇರ್ಲಿ.'

ಲ್ಯಾಬು ಉಳಿಯುವ ದಾರಿ ಕುರ್ಚಿಯಲ್ಲಿ ಬಂದು ಕೂತಿದೆ, ಒಂದು ಹೂಂ ಅಂದರೆ ಸಾಕು. ಡಾಕ್ಟರು ನನ್ನ ಮುಖ ನೋಡಿದರು. ನಾನು ಬೇಡ ಅಂತ ತಲೆಯಾಡಿಸಿದೆ.

'ಆಗಲ್ಲ ಗೌಡ್ರೆ' ಅಂದರು ಡಾಕ್ಟರು. 'ಬೇಕಾದ್ರೆ ನಾಳೆನೇ ಖಾಲಿ ಮಾಡಿಸಿ. ನಿಮ್ಮ ಜೀವದ ಮೇಲೆ ನಾನು ಪ್ರಯೋಗ ಮಾಡಲ್ಲ.'

ಆ ಕ್ಷಣ ನನಗೆ ನಮ್ಮ ಡಾಕ್ಟರ ಮೇಲೆ ಎಷ್ಟು ಅಭಿಮಾನ ಬಂತೆಂದರೆ ಚಪ್ಪಾಳೆ ಹೊಡೆಯುವುದೊಂದು ಬಾಕಿ. ಗೌಡರಿಗೆ ಮಾತ್ರ ಅವಮಾನವಾಯಿತು.

'ಇಲಿಗೆ ಕೊಡ್ತೀರಾ, ನಂಗೆ ಕೊಡಲ್ವಾ? ನಾನು ಇಲಿಗಿಂತ ಕಡೆಯಾ?'

'ಅಯ್ಯೋ, ನೀವು ದೊಡ್ಡೋರು ಅಂತಲೇ ಕೊಡ್ತಿಲ್ಲ ಗೌಡ್ರೆ' ಅಂದೆ ನಾನು. 'ಇದು ಲ್ಯಾಬಿನ ಪಂಜರದೊಳಗೆ ಇರೋವಕ್ಕೆ ಮಾತ್ರ.'

ಗೌಡರು ಕೋಣೆಯನ್ನು ಮೂಲೆಯಿಂದ ಮೂಲೆಗೆ ಕಣ್ಣಲ್ಲೇ ಅಳೆದರು. ಸ್ವಲ್ಪ ಸಮಾಧಾನವಾದ ಹಾಗೆ ಕಂಡರು.

'ಅಷ್ಟೇ ತಾನೆ? ಲ್ಯಾಬ್ ಇರೋದು ನನ್ ಬಿಲ್ಡಿಂಗಲ್ಲೇ. ಪಂಜ್ರ ನಾನೇ ಮಾಡಿಸ್ಕತೀನಿ.'

ಭೇರ್ಯದ ಬೀಗರ ಊಟ

ಪಂಜರದ ಮಾತು ನಡೆಯಲಿಲ್ಲ. ಆದರೂ ಗೌಡರು ದಿನಾ ಬೆಳಿಗ್ಗೆ ಬಂದು ಕಿಟಕಿಯ ಗಾಜಿನಾಚೆ ನಿಂತು ಇಲಿಗಳನ್ನು ನೋಡಿ ನಿಟ್ಟುಸಿರು ಬಿಟ್ಟು ಹೋಗುತ್ತಿದ್ದರು. ಕರಾರಿನ ಮಾತೆತ್ತಿದರೆ, 'ಮಗಳ ಮದ್ವೆ ಆಗ್ಲಿ, ನೋಡುವ' ಅನ್ನುತ್ತಿದ್ದರು.

ಅವರ ಮಗಳ ಮದುವೆ ಕೆ.ಆರ್. ನಗರದಲ್ಲಿ ಆಯಿತು. ಬೀಗರ ಊಟ ಗಂಡಿನ ಊರು ಭೇರ್ಯದಲ್ಲಿ. ನಮ್ಮ ಅದೃಷ್ಟಕ್ಕೋ ದುರದೃಷ್ಟಕ್ಕೋ ಅದೇ ದಿನ ಪುಣೆಯ ಕಂಪನಿಯಿಂದ ಮೇಡಂ ಬಂದಿಳಿದರು. ಮಾರನೆಯ ಬೆಳಿಗ್ಗೆ ಇಲಿಗಳ ಕಡೆಯ ತೂಕ. ಅದನ್ನು ಕಣ್ಣಾರೆ ನೋಡಿ, ಮುಂದಿನ ಕೆಲಸ ನಮಗೋ ಬೇರೆಯವರಿಗೋ ಅಂತ ತೀರ್ಮಾನಿಸುವುದು ಅವರ ಕೈಯಲ್ಲಿತ್ತು. ಗೌಡರು ಬಿಡಲಿಲ್ಲ. 'ಮನೆಗೆ ಬಂದೋರ್ನ ಬುಟ್ ಬತ್ತೀರಾ? ಆಯಮ್ಮನ್ನೂ ಕರ್ಕಬನ್ನಿ' ಅಂದರು. ಇಲಿಗಳನ್ನು ಅಕ್ಕನಿಗೆ ಒಪ್ಪಿಸಿ ಮೂವರೂ ಹೋದೆವು.

ಬೀಗರ ಊಟ ಅಂದರೆ ನಿಮಗೆ ಗೊತ್ತಲ್ಲ, ಮದುವೆಯಾದ ಮೇಲೆ ಬೀಗರಿಗೆಂದೇ ಹಾಕಿಸುವ ಬಾಡೂಟ. ಮದುವೆಯಲ್ಲಿ ಸಿಹಿ ತಿಂದು ಸಪ್ಪೆಯಾದ ನಾಲಿಗೆಗೆ ಮರುಜೀವ. ದೊಡ್ಡ ಶಾಮಿಯಾನ, ಹಿಂದೆ ಸಾಲಾಗಿ ಒಲೆ, ತಲೆಮಾಂಸ, ಬೋಟಿ, ಕೈಮ ಉಂಡೆ, ಬಿಸಿ ಮುದ್ದೆ. ಪುಣೆಯ ಮೇಡಂ ಮುದ್ದೆಯನ್ನು ಕಡಲೆಕಾಯಿಯಂತೆ ಅಗಿಯುತ್ತಿದ್ದರು. ಪಕ್ಕದೆಲೆಯ ಅಜ್ಜಿ, 'ಅಗೀಬ್ಯಾಡ ಕಣವ್ವ, ನುಂಗು' ಅಂತ ಗಂಟಲು ಮುಟ್ಟಿ ತೋರಿಸಿಕೊಡುತ್ತಿತ್ತು. ಮೇಡಂ ನುಂಗಿ, ಕಣ್ಣರಳಿಸಿ, ಇನ್ನೊಂದು ಕೇಳಿದರು. ನನಗೆ ಆಗಲೇ ಅರ್ಧ ಗೆದ್ದಷ್ಟು ಖುಷಿ.

ಆಗ ಎದುರು ಸಾಲಿನಲ್ಲಿ ಸದ್ದು ನಿಂತಿತು.

ಹೆಣ್ಣಿನ ತಂದೆ, ಊಟದ ಮುಖ್ಯ ಬೀಗರು, ನಮ್ಮ ಗೌಡರು, ಎರಡು ತುತ್ತು ತಿಂದು ಎಲೆ ಮುಂದಕ್ಕೆ ತಳ್ಳಿದ್ದರು. ಮಾಂಸದ ತುಂಡು ಹಾಕಿದ್ದು ಹಾಕಿದ ಹಾಗೇ ಇತ್ತು. ಬಡಿಸುವವರು ಸೌಟು ಹಿಡಿದು ನಿಂತೇ ಬಿಟ್ಟರು. ಬೀಗರ ಊಟದಲ್ಲಿ ಬೀಗರೇ ಎಲೆ ತಳ್ಳಿದರೆ ಗಂಡಿನ ಮನೆಯವರು ಊರಿನಲ್ಲಿ ತಲೆಯೆತ್ತುವ ಹಾಗುಂಟೇ? ಗಂಡಿನ ತಂದೆ ಓಡಿಬಂದರು. ಸಣಕಲು ಮನುಷ್ಯರು, ಹೆಗಲ ಮೇಲಿನ ಟವೆಲ್ಲು ಕೈಗೆ ಬಂದಿತ್ತು.

'ಯಾಕ್ ಬೀಗ್ರೆ? ಏನ್ ಕಮ್ಮಿಯಾಯ್ತು? ನಮ್ಮೋರು ಯಾರಾರ ಏನಾರ ಅಂದ್ರಾ?'

'ಏನಿಲ್ಲ ಬುಡಿ. ಸಾಕು' ಅಂದರು ಗೌಡರು.

ಸಾಕು! ಗೌಡರ ಬಾಯಲ್ಲಿ ಸಾಕು! ನನ್ನ ಕೈಯ ತುತ್ತು ಕೈಯಲ್ಲೇ ನಿಂತಿತು. ಡಾಕ್ಟರನ್ನು ನೋಡಿದೆ. ಅವರ ಮುಖ ಸುಣ್ಣದಂತಾಗಿತ್ತು. ಊಟ ಮೂಸಿ, ಬೆನ್ನು ತಿರುಗಿಸಿ ಮಲಗುವವರನ್ನು ಇಷ್ಟು ದಿನ ನೋಡಿದವರು ನಾವು. ಗೌಡರು ಹೇಗೋ ಒಳಗೆ ನುಗ್ಗಿ ಪುಡಿ ಕದ್ದು ಸೂಜಿ ಹಾಕಿಸಿಕೊಂಡಿದ್ದಾರೆ! ಸಕ್ಕರೆ ಕಾಯಿಲೆಯ ಮನುಷ್ಯ, ಮಗಳ ಮದುವೆಯಾಗಿ ವಾರವೂ ಆಗಿಲ್ಲ. ಹೆಚ್ಚು ಕಮ್ಮಿಯಾದರೆ? ಲ್ಯಾಬಿನ ಯೋಚನೆ ನನಗೆ ಆಮೇಲೆ ಬಂತು, ನಿಜವಾಗಿ ಹೇಳುತ್ತೇನೆ. ಮೊದಲು ಬಂದದ್ದು ಆ ಹುಡುಗಿಯ ಮುಖ.

ಒಲೆಗಳ ಹಿಂದಕ್ಕೆ ಓಡಿ ಅಕ್ಕನಿಗೆ ಫೋನು ಮಾಡಿದೆ. 'ಅಕ್ಕ, ಬೇಗ ಫ್ರಿಜ್ ಗಾಜಲ್ಲಿ ನೋಡಿ, ಬೀಗ ಹಾಕಿದೆಯಾ? ಶೀಶೆ ಎಲ್ಲಾ ಇವೆಯಾ?'

ಅಕ್ಕ ಹೋಗಿ ಬಂದರು. 'ಬೀಗ ಆಕದೆ. ನೀವು ಬೆಳಿಗ್ಗೆ ಎಣ್ಸಿಟ್ಟಷ್ಟೂ ಶೀಶೆ ಅವೆ, ಒಂದೂ ಕಮ್ಮಿಯಿಲ್ಲ. ಯಾಕವ್ವ, ಅಲ್ಲಿ ಊಟ ಸಾಕಾಗ್ನಿಲ್ವಾ?'

ಅರ್ಧ ಜೀವ ಬಂತು. ಇನ್ನರ್ಧ ಬರಬೇಕಿತ್ತು. ಸೀದಾ ಗೌಡರ ಎದುರು ಹೋಗಿ ನಿಂತೆ. ಪುಣೆಯ ಮೇಡಮ್ಮೂ ಎದ್ದು ಬಂದಿದ್ದರು. ಡಾಕ್ಟರು ಅವರಿಗೆ ನಡೆಯುತ್ತಿರುವುದನ್ನು ಇಂಗ್ಲಿಷಿನಲ್ಲಿ ಹೇಳುತ್ತಿದ್ದರು, ಏನನ್ನೂ ಮುಚ್ಚಿಡಲಿಲ್ಲ.

'ಗೌಡ್ರೆ, ದೇವರಾಣೆ ನಿಜ ಹೇಳಿ. ಸೂಜಿ ಹಾಕಿಸ್ಕೊಂಡ್ರಾ?'

'ಯಾವ್ ಸೂಜಿ? ನೀವು ಕೊಡಕ್ಕಿಲ್ಲ ಅಂದ್ರಲ್ಲ, ಕಟ್ಟಡನೇ ಬರಕೊಡ್ತೀನಿ ಅಂದಂಗಂದ್ರೂವೆ! ಇನ್ನೆಲ್ಲಿಂದ ತರ್ಲಿ?'

'ಮತ್ತೆ ಯಾಕೆ ತಿಂತಿಲ್ಲ?'

ಗೌಡರು ಅತ್ತಿತ್ತ ನೋಡಿದರು. ಇಡೀ ಶಾಮಿಯಾನ ಕಿವಿಯಾಗಿತ್ತು. ತಪ್ಪಿಸಿಕೊಳ್ಳುವ ದಾರಿ ಕಾಣದೆ ಕೊನೆಗೆ ಬಾಯಿ ಬಿಟ್ಟರು.

'ಕಿಟ್ಕಿ ಪಕ್ಕದ್ ಪಂಜ್ರದಲ್ಲಿ ಒಂದು ದಡೂತಿ ಇತ್ತಲ್ಲ ಮೇಡಂ, ಅದು ಇಳಿಯೋದ್ ನೋಡಿ ನಾನೂ ಸುರು ಅಚ್ಕಂಡೆ. ನಂಗೆ ಔಸ್ದಿ ಕೊಡ್ನಿಲ್ಲ, ಸರಿ, ಔಸ್ದಿ ಇಲ್ದೇನೇ ಇಳ್ಸಿ ತೋರುಸ್ತೀನಿ ಅಂತ ಪಂದ್ಯ ಕಟ್ಕಂಡೆ. ಅದು ದಿನಾ ಇಳೀತಾ ಅದೆ. ನಾನೂ ಒಸಿ ಇಳ್ದಿವ್ನಿ. ನಾಳೆ ಬೆಳಿಗ್ಗೆ ಕಡೇ ತೂಕ ಅಂತ ನೀವೇ ಅಂದ್ರಿ. ಇವತ್ತು ಇದ್ನ ತಿಂದು, ನಾಳೆ ಒಂದು ಇಲಿ ಮುಂದೆ ಸೋಲ್ಲಾ? ನಂಗೆ ಮಾನ ಇಲ್ವಾ?'

'ಪಂದ್ಯ ಇರೋದು ಇಲಿಗೆ ಗೊತ್ತಾ?' ಅಂತ ಕೇಳಿದೆ.

'ಅದ್ಕ್ಯಾಕೆ ಗೊತ್ತಾಗ್ಬೇಕು? ನಂಗೊತ್ತಲ್ಲ.'

ಡಾಕ್ಟರು ಅಷ್ಟನ್ನೂ ಪುಣೆಯ ಮೇಡಂಗೆ ಹೇಳಿ ಮುಗಿಸಿದರು. ಅವರು ಮೊದಲು ನಕ್ಕರು. ನಕ್ಕು ನಕ್ಕು ಅಜ್ಜಿಯ ಹೆಗಲು ಹಿಡಿದುಕೊಂಡರು. ಆಮೇಲೆ ಕಣ್ಣೊರೆಸಿಕೊಂಡು ಡಾಕ್ಟರನ್ನು ಕೇಳಿದರು, 'ಕಟ್ಟಡವನ್ನೇ ಬಿಟ್ಟುಕೊಡುತ್ತೇನೆ ಅಂದರೂ ನೀವು ಕೊಡಲಿಲ್ಲವೆ?' ಇಲ್ಲ ಅಂದರು ಡಾಕ್ಟರು. 'ಹಾಗಾದರೆ ನಾಳೆಯ ತೂಕ ಏನೇ ಬರಲಿ, ಮುಂದಿನ ಕೆಲಸ ನಿಮ್ಮದೇ' ಅಂದರು ಮೇಡಂ. 'ತೂಗುವವರು ಎಲ್ಲ ಊರಿನಲ್ಲೂ ಸಿಗುತ್ತಾರೆ. ಕೇಳಿದರೆ ಇಲ್ಲ ಅನ್ನುವವರನ್ನೇ ನಾವು ಹುಡುಕುತ್ತಿದ್ದದ್ದು.'

ನಾನು ಕಿರುಚಿದೆ. ಈ ಸಲ ಭೇರ್ಯಕ್ಕೆ ಭೇರ್ಯವೇ ತಿರುಗಿ ನೋಡಿತು. ಡಾಕ್ಟರು ಕನ್ನಡಕ ತೆಗೆದು ಸುಮ್ಮನೆ ಒರೆಸುತ್ತಾ ನಿಂತರು. ಗೌಡರೂ ದೊಡ್ಡ ಮನಸ್ಸು ಮಾಡಿ, 'ಪಾರ್ಟಿ ಹಾಲ್ ಬ್ಯಾಡ ಬುಡಿ ಸಾರ್. ಇಲಿ ಇಲ್ದಿದ್ರೆ ನಾನು ಯಾರ್ ಜೊತೆ ಇಳೀಲಿ?' ಅಂದುಬಿಟ್ಟರು. ನನ್ನ ಕೆಲಸ ಉಳಿಯಿತು, ಅಕ್ಕನ ಕೆಲಸ ಉಳಿಯಿತು. ನನಗೆ ಸಂತೋಷಕ್ಕೆ ಕಣ್ಣೇ ಕಾಣಿಸುತ್ತಿರಲಿಲ್ಲ.

ಒಬ್ಬರ ಕಷ್ಟ ಮಾತ್ರ ತೀರಿರಲಿಲ್ಲ. ಗಂಡಿನ ತಂದೆಯವರದು. ನಮ್ಮ ನಗು, ಕಣ್ಣೀರು, ಇಂಗ್ಲಿಷು ಯಾವುದೂ ಅವರಿಗೆ ಬೇಕಿರಲಿಲ್ಲ. ಬೀಗರ ಎಲೆಯಲ್ಲಿ ಮಾಂಸ ಆರುತ್ತಿತ್ತು. ಅವರು ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡು, ಇಡೀ ಶಾಮಿಯಾನಕ್ಕೆ ಕೇಳುವ ಹಾಗೆ ಕೂಗಿದರು:

'ಈಟೇಯಾ ಬೀಗ್ರೆ! ಲೋ, ಯಾರ್‌ಲಾ ಅಲ್ಲಿ, ಕಾರು ತಕ್ಕೊಂಡು ಉಣಸೂರಿಗೆ ಓಗಿ ಆ ಇಲಿನೂ ಕರ್ಕಬನ್ನಿ! ಬೀಗ್ರ ಪಕ್ಕದಲ್ಲೇ ಎಲೆ ಆಕುಸ್ತೀನಿ. ಇಬ್ರೂ ಉಂಡ್ರೆ ಪಂದ್ಯ ಸಮಸಮ!'